ಕಸ ಮೊದಲು, ನೀರು ಆಮೇಲೆ

ದಾವಣಗೆರೆಯ ನಮ್ಮ ಸಣ್ಣ ನಾಟಕ ತಂಡದಲ್ಲಿ ನಾನು ಬೆಳಕು ನೋಡಿಕೊಳ್ಳುತ್ತೇನೆ. ಹಗಲು ಮನೆ ವೈರಿಂಗ್ ಕೆಲಸ, ಸಂಜೆ ಏಳರ ಮೇಲೆ ರಿಹರ್ಸಲ್. ತಂಡದಲ್ಲಿ ಹತ್ತು ಹನ್ನೆರಡು ಜನ ಇದ್ದೇವೆ. ಆಡುವುದೆಲ್ಲ ನಾವೇ ಕಟ್ಟಿದ ನಾಟಕ. ಅಚ್ಚಾದ ಒಳ್ಳೊಳ್ಳೆ ನಾಟಕ ಇಷ್ಟೊಂದಿವೆ, ಇದ್ಯಾಕೆ ನಿಮಗೆ ಅಂತ ಸುಮಾರು ಜನ ಕೇಳುತ್ತಾರೆ. ಅವರಿಗೆ ನಾನು ನಾಲೆ ನಾಟಕದ ವಿಷಯ ಹೇಳುತ್ತೇನೆ.

ನಮ್ಮ ಕಡೆ ಬೇಸಿಗೆ ಹತ್ತಿರ ಬಂತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಡ್ಯಾಮ್ ಎಷ್ಟಿದೆ? ನಮ್ಮ ನಾಲೆಗೆ ನೀರು ಬರುವ ಲಕ್ಕವಳ್ಳಿಯ ಭದ್ರಾ ಡ್ಯಾಮ್ ತುಂಬಿದರೆ 186 ಅಡಿ. ಡ್ಯಾಮ್ ತುಂಬಿದ ವರ್ಷವೂ ನಾಲೆಯ ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಮೇಲಿನವರು ಪಂಪ್ ಇಟ್ಟು ಎತ್ತುತ್ತಾರೆ. ಕೆಳಗಿನವರು ರಾತ್ರಿ ಎಲ್ಲ ತೂಬು ಕಾಯುತ್ತಾರೆ. ಭತ್ತ ಹಚ್ಚಿದವನ ಹೊಟ್ಟೆಯ ಉರಿ ನಮ್ಮ ತಂಡದ ಅರ್ಧ ಜನರಿಗೆ ಗೊತ್ತು, ಅವರ ಮನೆಗಳೇ ಅಂಥವು. ನಾಟಕ ಹುಟ್ಟಿದ್ದು ಅಲ್ಲಿಂದ.

ನೀರನ್ನು ತೋರಿಸುವುದು ಹೇಗೆ ಅನ್ನುವುದು ನನ್ನ ಪಾಲಿಗೆ ಬಂತು. ನೀಲಿ ಬಟ್ಟೆ ಹಿಡಿದು ಅಲ್ಲಾಡಿಸೋಣ ಅಂದರು. ನಾನು ಒಪ್ಪಲಿಲ್ಲ. ನಾಲೆ ನೀರು ಎಲ್ಲಿಯ ನೀಲಿ? ಬಿಟ್ಟ ಹೊಸದರಲ್ಲಿ ಅದು ಮಣ್ಣಿನ ಬಣ್ಣ. ಒಂದು ಹ್ಯಾಲೋಜನ್ ದೀಪಕ್ಕೆ ಗೋಧಿ ಬಣ್ಣದ ಜಿಲೆಟಿನ್ ಹಾಳೆ ಹಾಕಿದೆ. ಅದರ ಮುಂದೆ ಉದ್ದಕ್ಕೆ ಸೀಳಿದ ಕರಿ ರಟ್ಟು ಇಟ್ಟೆ. ಸೀಳಿನ ಮೇಲೆ ಇನ್ನೊಂದು ರಟ್ಟು ಮುಚ್ಚಿ, ಅದನ್ನು ನಿಧಾನಕ್ಕೆ ಎಳೆಯುತ್ತಾ ಹೋದರೆ ನೆಲದ ಮೇಲೆ ಗೇಣಗಲದ ಬೆಳಕಿನ ಪಟ್ಟಿ ಉದ್ದ ಆಗುತ್ತಾ ಬರುತ್ತದೆ. ಐದು ಜನ ನಟರು ಸಾಲಾಗಿ ಕೂತಿರುತ್ತಾರೆ. ಒಬ್ಬೊಬ್ಬರ ಕಾಲ ಬಳಿಯೂ ಬೆಳಕು ಹಾದು ಹೋಗುತ್ತದೆ. ಐದನೆಯವಳಿಗೆ ಎರಡು ಮಾರು ದೂರದಲ್ಲಿ ನಿಂತುಬಿಡುತ್ತದೆ. ಅವಳು ಕೈ ಚಾಚುತ್ತಾಳೆ. ಅಲ್ಲಿ ಮಾತಿಲ್ಲ. ಮಾತು ಬರೆದಿದ್ದೆವು, ಆ ಪಟ್ಟಿ ನಿಂತದ್ದು ನೋಡಿದ ಮೇಲೆ ತೆಗೆದು ಹಾಕಿದೆವು.

ನಾಟಕವನ್ನು ಕೊನೆ ಭಾಗದ ಒಂದು ಹಳ್ಳಿಗೆ ತಗೊಂಡು ಹೋದೆವು. ಶಾಲೆ ಅಂಗಳ. ಸಿಕ್ಕಿದ್ದು 15 ಆಂಪಿಯರಿನ ಒಂದೇ ಸಾಕೆಟ್. 230 ವೋಲ್ಟಿನ ಲೆಕ್ಕ ಹಾಕಿದರೆ ಸಾವಿರ ವಾಟಿನ ಮೂರು ದೀಪ ಹಚ್ಚಬಹುದು, ನಾಲ್ಕನೆಯದು ಹಾಕಿದರೆ ಫ್ಯೂಸ್ ಹೋಗುತ್ತದೆ. ಹಾಗಾಗಿ ರಾತ್ರಿ ತೂಬು ಕಾಯುವ ದೃಶ್ಯಕ್ಕೆ ದೀಪವೇ ಬೇಡ, ನಟರ ಕೈಗೆ ಟಾರ್ಚ್ ಕೊಡೋಣ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ನಾಲೆ ಮೇಲೆ ಓಡಾಡುವವರ ಕೈಯಲ್ಲಿ ಇರುವುದೂ ಟಾರ್ಚೇ ಅಲ್ವಾ? ಟಾರ್ಚ್ ಒಬ್ಬರ ಮುಖಕ್ಕೆ ಬಿದ್ದ ತಕ್ಷಣ ಹಿಂದಿನ ಸಾಲಿನಿಂದ ಯಾರೋ 'ಪಂಪ್ ಇಟ್ಟೋನು ಇವನೇ' ಅಂತ ಕೂಗಿದರು. ಅಂಗಳಕ್ಕೆ ಅಂಗಳವೇ ನಕ್ಕಿತು.

ನಾಟಕ ಮುಗಿದ ಮೇಲೆ ವಯಸ್ಸಾದ ರೈತರೊಬ್ಬರು ನಾನು ವೈರ್ ಸುತ್ತುತ್ತಿದ್ದಲ್ಲಿಗೆ ಬಂದರು. ರಟ್ಟನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. 'ಚೆನ್ನಾಗೈತಪ್ಪ. ಆದ್ರೆ ನೀರು ಹಿಂಗೆ ಸ್ವಚ್ಛವಾಗಿ ಬರಲ್ಲ. ಮೊದಲು ಕಸ ಬರ್ತದೆ. ಕಸ ಕಂಡ್ರೆ ನಮಗೆ ಗೊತ್ತಾಗ್ತದೆ, ಹಿಂದೆ ನೀರು ಐತಿ ಅಂತ' ಅಂದರು. ಒಣಗಿದ ಎಲೆ, ಕಡ್ಡಿ, ಪ್ಲಾಸ್ಟಿಕ್ ಬಾಟಲಿ, ಹಳೇ ಚಪ್ಪಲಿ, ಎಲ್ಲ ಉರುಳಿಕೊಂಡು ಮುಂದೆ ಬರುತ್ತದಂತೆ.

ಮುಂದಿನ ಪ್ರದರ್ಶನದಲ್ಲಿ ಕಸ ಬಂತು. ಬೆಳಕಿನ ಪಟ್ಟಿ ಶುರುವಾಗುವ ಮೊದಲು ನಟನೊಬ್ಬ ಪೊರಕೆಯಿಂದ ಎಲೆ, ಬಾಟಲಿಗಳನ್ನು ತಳ್ಳುತ್ತಾ ಬರುತ್ತಾನೆ. ಐದನೆಯವಳ ಮುಂದೆ ಕಸ ಬಂದು ನಿಲ್ಲುತ್ತದೆ. ಅವಳು ಎದ್ದು ನಿಂತು ಸೀರೆ ಎತ್ತಿ ಕಟ್ಟುತ್ತಾಳೆ, ಸಲಿಕೆ ಹಿಡಿಯುತ್ತಾಳೆ. ನೀರು ಬರುವುದಿಲ್ಲ. ಕಸ ಮಾತ್ರ ಅವಳ ಪಾಲಿಗೆ. ಈಗ ಇಡೀ ನಾಟಕದಲ್ಲಿ ನನಗೆ ಅತಿ ಇಷ್ಟದ ಜಾಗ ಅದು. ಅದನ್ನು ಕೊಟ್ಟವರು ಆ ರೈತರು. ಬರೆದವರು ನಮ್ಮ ನಡುವೆಯೇ ಇರುವುದರಿಂದ ಒಂದು ವಾರದಲ್ಲಿ ದೃಶ್ಯ ಬದಲಾಯಿತು. ಬೇರೆಯವರ ನಾಟಕ ಆಗಿದ್ದರೆ ಆ ರೈತರ ಮಾತನ್ನು ಕೇಳಿ, ಹೂಂ ಅಂದು, ವ್ಯಾನ್ ಹತ್ತಿ ಬರುತ್ತಿದ್ದೆವು.

ಇದು ನಮ್ಮೊಬ್ಬರ ಹೊಸ ದಾರಿ ಏನಲ್ಲ. ದಾವಣಗೆರೆ ಅಂದರೆ ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ದುಗ್ಗಮ್ಮನ ಜಾತ್ರೆಗೆ ಬರುವ ಕಂಪನಿ ನಾಟಕಗಳಲ್ಲಿ ಹಾಸ್ಯ ನಟರು ಆಯಾ ಊರಿನ ಸುದ್ದಿಯನ್ನು ಅಂದಂದೇ ಮಾತಿಗೆ ಸೇರಿಸುತ್ತಾರೆ. ಹೊಸ ನಾಟಕ ಮಾಡುವವರು ಕಂಪನಿ ನಾಟಕದ ಬಗ್ಗೆ ಹಗುರವಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಆ ಚುರುಕು ನಮಗೆ ಇನ್ನೂ ಪೂರ್ತಿ ಬಂದಿಲ್ಲ. ಅತ್ತ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಗಂಭೀರ ನಾಟಕವನ್ನೂ ಕೂತು ನೋಡುವ ಹಳ್ಳಿಗಳು ಈ ಭಾಗದಲ್ಲಿ ಇವೆ ಅಂದರೆ ಅದರಲ್ಲಿ ಅವರ ದುಡಿಮೆ ದೊಡ್ಡದು. ನಮ್ಮಂಥ ಸಣ್ಣ ತಂಡ ಅದರ ಫಲ ಉಣ್ಣುತ್ತಿದೆ.

ಈಗ ಮಂಡಕ್ಕಿ ಭಟ್ಟಿಯ ನಾಟಕ ಕಟ್ಟುತ್ತಿದ್ದೇವೆ. ಊರು ಮಲಗಿರುವಾಗಲೇ ಅಲ್ಲಿ ಒಲೆ ಹೊತ್ತಿರುತ್ತದೆ. ಕಾದ ಮರಳಿಗೆ ಅಕ್ಕಿ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ. ಆ ಚಟಪಟ ಸದ್ದನ್ನು ರೆಕಾರ್ಡ್ ಮಾಡಿ ತಂದಿದ್ದೇವೆ. ನನ್ನ ತಲೆನೋವು ಬೆಂಕಿಯದು. ಎಲ್‌ಇಡಿ ತಂದರೆ ಹಳ್ಳಿ ಸಾಕೆಟ್‌ನಲ್ಲಿ ಎಷ್ಟೋ ಹೆಚ್ಚು ದೀಪ ಹಚ್ಚಬಹುದು, ಕರೆಂಟ್ ಕಮ್ಮಿ ಸಾಕು. ಆದರೆ ಬಿಳಿ ಎಲ್‌ಇಡಿಯನ್ನು ಎಷ್ಟು ತಗ್ಗಿಸಿದರೂ ಬಣ್ಣ ಹಾಗೇ ಇರುತ್ತದೆ, ಬರೀ ಮಂಕಾಗುತ್ತದೆ. ಹ್ಯಾಲೋಜನ್ ಹಾಗಲ್ಲ. ಡಿಮ್ಮರ್ ಇಳಿಸಿದಂತೆ ಅದರ ತಂತಿ ಕೆಂಪಗಾಗುತ್ತಾ ಬರುತ್ತದೆ, ಕೆಂಡದ ಹಾಗೆ. ಅದಕ್ಕೇ ಎರಡು ಹಳೇ ಹ್ಯಾಲೋಜನ್ ಮಾರದೆ ಇಟ್ಟುಕೊಂಡಿದ್ದೇನೆ. ನಟಿಯ ಮುಖಕ್ಕೆ ಕೆಳಗಿನಿಂದ ಅದು ಬಿದ್ದರೆ ಬೆವರು ಕಾಣುತ್ತದೆ, ಮೇಕಪ್ ಬೇಕಿಲ್ಲ.

ಮೊದಲ ಪ್ರದರ್ಶನ ಭಟ್ಟಿಗಳಿರುವ ಬೀದಿಯಲ್ಲೇ ಅಂತ ತೀರ್ಮಾನ ಆಗಿದೆ, ಅಲ್ಲಿನವರಿಗೆ ರಜೆ ಇರುವ ದಿನ ನೋಡಿಕೊಂಡು. ಮುಂದಿನ ಸಾಲು ಅವರಿಗೇ. ಎರಡನೇ ಪ್ರದರ್ಶನಕ್ಕೆ ಒಂದು ವಾರ ಬಿಟ್ಟುಕೊಂಡಿದ್ದೇವೆ, ಅವರು ಹೇಳಿದ್ದನ್ನು ನಾಟಕಕ್ಕೆ ಸೇರಿಸೋಕೆ.