ಸೇರಿದವರಲ್ಲಿ ಪದವಿ ಪಡೆದವರು ಎಷ್ಟು?

ಒಂದು ಕಾಲೇಜಿನ ಮೊದಲ ಸೆಮಿಸ್ಟರಿಗೆ 240 ಜನ ಸೇರಿದರು ಎಂದಿಟ್ಟುಕೊಳ್ಳಿ. ನಾಲ್ಕು ವರ್ಷವಾದ ಮೇಲೆ ಅವರಲ್ಲಿ ಕೊನೆಯ ಪರೀಕ್ಷೆಗೆ ಕೂತವರು 140, ಪಾಸಾದವರು 132. ಫಲಿತಾಂಶ 94% ಎಂದು ಕಾಲೇಜು ಹೇಳಿಕೊಳ್ಳುತ್ತದೆ. ಆ ಲೆಕ್ಕ ಸುಳ್ಳಲ್ಲ. ಆದರೆ ಸೇರಿದ 240 ಜನರನ್ನು ಮುಂದಿಟ್ಟುಕೊಂಡು ನೋಡಿದರೆ ಅದೇ 132 ಬರೀ 55% ಆಗುತ್ತದೆ. ಪರೀಕ್ಷಾ ಕೊಠಡಿಯವರೆಗೂ ಬಾರದ ನೂರು ಮಂದಿ ಯಾವ ಪಟ್ಟಿಯಲ್ಲೂ ಇಲ್ಲ. ಈ ಬರಹ ಆ ನೂರು ಮಂದಿಯ ಬಗ್ಗೆ.

ಮೊದಲು ಎಣಿಕೆ ಸರಿಯಾಗಲಿ. ಒಂದೇ ವರ್ಷ ಒಟ್ಟಿಗೆ ಸೇರಿದವರ ಪಟ್ಟಿಯನ್ನು ಒಂದು ನಿಗದಿತ ದಿನ ಮುಚ್ಚಿಬಿಡಬೇಕು. ಅಡ್ಮಿಷನ್ ಗಲಾಟೆ ಮುಗಿದ ಮೂರನೇ ಅಥವಾ ನಾಲ್ಕನೇ ವಾರ ಇದಕ್ಕೆ ಸೂಕ್ತ. ಆಮೇಲೆ ಆ ಪಟ್ಟಿಗೆ ಯಾರನ್ನೂ ಸೇರಿಸುವಂತಿಲ್ಲ, ತೆಗೆಯುವಂತೆಯೂ ಇಲ್ಲ. ಮುಂದಿನ ವರ್ಷ ಅದೇ ದಿನಕ್ಕೆ ಅವರಲ್ಲಿ ಎಷ್ಟು ಜನ ತರಗತಿಯಲ್ಲಿದ್ದಾರೋ ಅದು ಉಳಿಕೆ ಪ್ರಮಾಣ. ಇಲ್ಲಿ ಆಗುವ ಮಾಮೂಲಿ ತಪ್ಪು ಎಂದರೆ ಎರಡನೇ ವರ್ಷಕ್ಕೆ ನೇರವಾಗಿ ಸೇರಿದವರನ್ನೂ ಕೂಡಿಸಿಬಿಡುವುದು. 240ರಲ್ಲಿ 198 ಜನ ಉಳಿದಿದ್ದರೆ ಅದು 82.5%. ಹೊಸದಾಗಿ ಬಂದ 15 ಜನರನ್ನು ಸೇರಿಸಿದರೆ ತಲೆ ಎಣಿಕೆ 213ಕ್ಕೆ ಏರಿ 88.75% ಎಂದು ಕಾಣುತ್ತದೆ. ಬೆಂಚುಗಳು ತುಂಬಿವೆ ನಿಜ, ಆದರೆ ಬಿಟ್ಟುಹೋದ 42 ಜನ ವಾಪಸ್ಸು ಬಂದಿಲ್ಲ.

ಪದವಿ ಪೂರೈಸುವ ಪ್ರಮಾಣಕ್ಕೆ ಕಾಲದ ಗೆರೆಯೂ ಬೇಕು. ಅಮೆರಿಕದಲ್ಲಿ 1990ರ ಕಾನೂನಿನಡಿ ಕಾಲೇಜುಗಳು ನಿಗದಿತ ಅವಧಿಯ 150% ಒಳಗೆ ಮುಗಿಸಿದವರನ್ನು ಎಣಿಸುತ್ತವೆ: ನಾಲ್ಕು ವರ್ಷದ ಪದವಿಗೆ ಆರು ವರ್ಷ, ಎರಡು ವರ್ಷದ್ದಕ್ಕೆ ಮೂರು. ಮೊದಲ ಬಾರಿಗೆ, ಪೂರ್ಣಾವಧಿಗೆ ಸೇರಿದವರು ಮಾತ್ರ ಆ ಎಣಿಕೆಗೆ ಬರುತ್ತಿದ್ದರು. ಅರೆಕಾಲಿಕರೂ ಬೇರೆ ಕಾಲೇಜಿನಿಂದ ಬಂದವರೂ ಹೊರಗೇ ಉಳಿಯುತ್ತಿದ್ದ ಕಾರಣ, 2015–16ರಿಂದ ಅವರನ್ನೂ ಒಳಗೊಂಡು ಎಂಟು ವರ್ಷದವರೆಗೆ ನೋಡುವ ಇನ್ನೊಂದು ಎಣಿಕೆ ಶುರುವಾಯಿತು. ಯಾವ ಕಾಲೇಜೇ ಆಗಲಿ, ಸರಿಯಾದ ಸಮಯಕ್ಕೆ ಮುಗಿಸಿದವರು ಮತ್ತು ತಡವಾಗಿ ಮುಗಿಸಿದವರು ಎಂಬ ಎರಡು ಅಂಕಿಗಳನ್ನೂ ಅಕ್ಕಪಕ್ಕ ಇಡಬೇಕು. ಇವೆರಡರ ನಡುವಿನ ಅಂತರ ದೊಡ್ಡದಿದ್ದರೆ, ಮಕ್ಕಳು ಬಿಟ್ಟುಹೋಗುತ್ತಿಲ್ಲ, ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾರೆ ಎಂದರ್ಥ. ಅದರ ಮದ್ದೇ ಬೇರೆ.

ಸಿಕ್ಕಿಹಾಕಿಕೊಳ್ಳುವುದಕ್ಕೆ ಒಂದು ಕಾರಣ ಸರಳ ಗುಣಾಕಾರದಲ್ಲೇ ಇದೆ. ಪದವಿಗೆ 120 ಕ್ರೆಡಿಟ್ (ಪ್ರತಿ ವಿಷಯದ ಓದಿನ ತೂಕ ಅಳೆಯುವ ಎಣಿಕೆ) ಬೇಕಿದ್ದರೆ ಎಂಟು ಸೆಮಿಸ್ಟರಿನಲ್ಲಿ ತಲಾ 15 ಆಗಬೇಕು. ಆದರೆ ಎಷ್ಟೋ ಕಡೆ 12 ಕ್ರೆಡಿಟ್ ತೆಗೆದುಕೊಂಡರೂ ನಿಯಮದ ಪ್ರಕಾರ ‘ಪೂರ್ಣಾವಧಿ’. ಎಂಟು ಸಲ 12 ಅಂದರೆ 96. ಒಂದು ವಿಷಯದಲ್ಲೂ ಫೇಲಾಗದ ವಿದ್ಯಾರ್ಥಿಗೂ ಹತ್ತು ಸೆಮಿಸ್ಟರ್ ಹಿಡಿಯುತ್ತದೆ, ಅದನ್ನು ಅವರಿಗೆ ಮೊದಲ ದಿನ ಯಾರೂ ಹೇಳಿರುವುದಿಲ್ಲ.

ಇನ್ನು ಬಿಟ್ಟುಹೋದವರ ವಿಷಯ. ಕಚೇರಿಯ ಕಡತದಲ್ಲಿ ಕಾರಣದ ಕಾಲಂ ನೋಡಿದರೆ ‘ವೈಯಕ್ತಿಕ’ ಎಂದು ಬರೆದಿರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಪ್ರತಿಯೊಬ್ಬರ ಮೂರು ತಾರೀಖುಗಳನ್ನು ತೆಗೆಯಿರಿ: ಕೊನೆಯ ಹಾಜರಿ, ಕೊನೆಯ ಶುಲ್ಕ ಪಾವತಿ, ಬರೆದ ಕೊನೆಯ ಪರೀಕ್ಷೆ. ಯಾವುದು ಮೊದಲು ನಿಂತಿತು ಎಂಬುದೇ ಅರ್ಧ ಉತ್ತರ. ತರಗತಿಗೆ ಬರುತ್ತಲೇ ಇದ್ದು ಶುಲ್ಕ ನಿಂತಿದ್ದರೆ ಹಣದ ತೊಂದರೆ ಎಂದು ಹಿಡಿಯಬಹುದು. ಶುಲ್ಕ ಕಟ್ಟಿದ್ದರೂ ಮೊದಲ ಕಿರುಪರೀಕ್ಷೆಯ ಅಂಕ ಬಂದ ವಾರವೇ ಹಾಜರಿ ಕುಸಿದಿದ್ದರೆ ಓದಿನ ತೊಂದರೆ. ಎಲ್ಲ ಪರೀಕ್ಷೆಯನ್ನೂ ಚೆನ್ನಾಗಿ ಬರೆದು ವರ್ಗಾವಣೆ ಪತ್ರ ಕೇಳಿದವರು ಬೇರೆ ಕಾಲೇಜು ನೋಡಿಕೊಂಡವರು. ಇದು ಖಚಿತ ಕಾರಣವಲ್ಲ, ಸುಳಿವು ಮಾತ್ರ. ಆದರೂ ಮೊದಲ ಫೋನಿನಲ್ಲಿ ಏನು ಕೇಳಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ. ಒಳ್ಳೆಯ ಅಂಕವಿದ್ದೂ ಬಿಟ್ಟವರನ್ನು ಪ್ರತ್ಯೇಕವಾಗಿ ಎಣಿಸುವುದನ್ನು ಮರೆಯಬೇಡಿ. ಬಿಟ್ಟವರೆಲ್ಲ ಓದಲಾರದವರು ಎಂಬ ನಂಬಿಕೆ ಆ ಎಣಿಕೆಯ ಮುಂದೆ ನಿಲ್ಲುವುದಿಲ್ಲ.

ಓದಿನ ತೊಂದರೆ ಇಡೀ ಕಾಲೇಜಿನಲ್ಲಿ ಹರಡಿಕೊಂಡಿರುವುದು ಅಪರೂಪ. ಮೊದಲ ವರ್ಷದ ನಾಲ್ಕೈದು ವಿಷಯಗಳಲ್ಲಿ ಅದು ಗಟ್ಟಿಯಾಗಿ ಕೂತಿರುತ್ತದೆ, ಗಣಿತ ಬಹುತೇಕ ಅದರಲ್ಲಿ ಒಂದು. ಪ್ರತಿ ವಿಷಯಕ್ಕೂ, ಪ್ರತಿ ಸೆಕ್ಷನ್ನಿಗೂ ಫೇಲಾದವರ ಜೊತೆ ನಡುವೆ ಕೈಬಿಟ್ಟವರನ್ನೂ ಕೂಡಿಸಿ ಶೇಕಡಾ ತೆಗೆಯಬೇಕು. ಕೈಬಿಟ್ಟವರನ್ನು ಮರೆತರೆ ಅತಿ ಕಠಿಣ ವಿಷಯವೇ ಅತಿ ಸುಲಭದ್ದಾಗಿ ಕಾಣುತ್ತದೆ, ಏಕೆಂದರೆ ಪರೀಕ್ಷೆಯವರೆಗೆ ಉಳಿದವರು ಗಟ್ಟಿಗರು ಮಾತ್ರ. ಅದೇ ಪಠ್ಯ, ಅದೇ ಪ್ರಶ್ನೆಪತ್ರಿಕೆ ಇದ್ದೂ ಒಂದು ಸೆಕ್ಷನ್ನಿನಲ್ಲಿ 15%, ಪಕ್ಕದ್ದರಲ್ಲಿ 45% ಬಂದರೆ ವಿದ್ಯಾರ್ಥಿಗಳನ್ನು ದೂರುವ ಮೊದಲು ವೇಳಾಪಟ್ಟಿ, ಬೋಧನೆ, ಮೌಲ್ಯಮಾಪನ ಮೂರನ್ನೂ ನೋಡಬೇಕು.

ಹಿಂದುಳಿದವರಿಗೆ ಪೂರ್ವಸಿದ್ಧತಾ ತರಗತಿ ಕೊಟ್ಟು, ಅದನ್ನು ಪಾಸು ಮಾಡಿದ ಮೇಲೆ ಮುಖ್ಯ ವಿಷಯಕ್ಕೆ ಬಿಡುವ ಪದ್ಧತಿ ಸಹಾನುಭೂತಿಯಿಂದಲೇ ಹುಟ್ಟಿದ್ದು. ಆದರೆ ಲೆಕ್ಕ ಹಾಕಿ ನೋಡಿ. ಮೂರು ಮೆಟ್ಟಿಲು, ಪ್ರತಿಯೊಂದರಲ್ಲೂ 70% ಪಾಸು, ನಡುವೆ ಎರಡು ರಜೆ, ಪ್ರತಿ ರಜೆಯ ನಂತರ 90% ವಾಪಸ್ಸು. ಕೊನೆಗೆ ಮೂರನೇ ಮೆಟ್ಟಿಲು ದಾಟುವವರು ನೂರಕ್ಕೆ 28. ಮೆಟ್ಟಿಲು ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಹಾಗಾಗಿಯೇ ಅಮೆರಿಕದ ಟೆನೆಸ್ಸಿ ರಾಜ್ಯದ ಸಮುದಾಯ ಕಾಲೇಜುಗಳು (ಎರಡು ವರ್ಷದ ಪದವಿ ಕೊಡುವ ಸರ್ಕಾರಿ ಕಾಲೇಜುಗಳು) 2015ರಿಂದ ನೇರವಾಗಿ ಮುಖ್ಯ ವಿಷಯಕ್ಕೇ ಸೇರಿಸಿ, ಅದೇ ಸೆಮಿಸ್ಟರಿನಲ್ಲಿ ಪಕ್ಕದಲ್ಲೇ ಹೆಚ್ಚುವರಿ ನೆರವು ಕೊಡುವ ಕ್ರಮಕ್ಕೆ ಬಂದವು. ಅಲ್ಲಿ ಗಣಿತದ ಮುಖ್ಯ ವಿಷಯ ಪಾಸು ಮಾಡಿದವರ ಪ್ರಮಾಣ ಹಲವು ಪಟ್ಟು ಏರಿತು. ಹೆಚ್ಚುವರಿ ತರಗತಿ ಮುಖ್ಯ ತರಗತಿಯ ಅದೇ ವಾರದ ಪಾಠಕ್ಕೆ ಹೊಂದಿಕೊಂಡಿರಬೇಕು. ಹಳೆಯ ಪೂರ್ವಸಿದ್ಧತಾ ಪಠ್ಯವನ್ನೇ ಸಂಜೆಗೆ ತಳ್ಳಿದರೆ ವಿದ್ಯಾರ್ಥಿಗೆ ಹೊರೆ ಎರಡಾಗುತ್ತದೆ, ಅಷ್ಟೆ.

ಹಿಂದೆ ಬೀಳುತ್ತಿರುವ ವಿದ್ಯಾರ್ಥಿಗಳನ್ನು ಬೇಗ ಗುರುತಿಸುವ ಎಚ್ಚರಿಕೆಯ ವ್ಯವಸ್ಥೆಗಳ ಬಗ್ಗೆ ಬಹಳ ಮಾತು ಕೇಳುತ್ತೇವೆ. ಸೆಮಿಸ್ಟರಿನ ಮಧ್ಯದ ಅಂಕಪಟ್ಟಿಗಾಗಿ ಕಾದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಮೂರನೇ ವಾರದಿಂದ ಐದನೇ ವಾರದೊಳಗೆ ಸಿಗುವ ಸಣ್ಣ ಸುಳಿವುಗಳೇ ಸಾಕು: ಸತತ ಎರಡು ಗೈರು, ಮೊದಲ ಅಸೈನ್‌ಮೆಂಟ್ ಸಲ್ಲಿಸದಿರುವುದು, ಪಠ್ಯಪುಸ್ತಕ ಇಲ್ಲದಿರುವುದು. ಕೆಡುವುದು ಸಾಫ್ಟ್‌ವೇರಿನಲ್ಲಲ್ಲ, ಆಮೇಲೆ. ಎಚ್ಚರಿಕೆ ಹೋಗುತ್ತದೆ, ಆದರೆ ಅದನ್ನು ಯಾರು ನೋಡಬೇಕು ಎಂದು ನಿಗದಿಯಾಗಿರುವುದಿಲ್ಲ. ಅಥವಾ ನಿಯಮ ಎಷ್ಟು ಸಡಿಲವೆಂದರೆ ಅರ್ಧ ತರಗತಿಗೇ ಕೆಂಪು ಗುರುತು ಬೀಳುತ್ತದೆ, ಮೂರೇ ವಾರದಲ್ಲಿ ಎಲ್ಲರೂ ಅದನ್ನು ನೋಡುವುದು ಬಿಡುತ್ತಾರೆ. ಒಬ್ಬ ಸಲಹೆಗಾರರು ವಾರಕ್ಕೆ ಎಷ್ಟು ಜನರನ್ನು ನಿಜವಾಗಿ ಮಾತಾಡಿಸಬಲ್ಲರು ಎಂದು ಮೊದಲು ನಿರ್ಧರಿಸಿ, ಅಷ್ಟೇ ಹೆಸರು ಬರುವಂತೆ ನಿಯಮವನ್ನು ಬಿಗಿ ಮಾಡಿ. ಪ್ರತಿ ಹೆಸರಿಗೂ ಎರಡು ದಿನದೊಳಗೆ ಫೋನ್ ಹೋಗಬೇಕು, ಏನಾಯಿತು ಎಂದು ಎಚ್ಚರಿಸಿದ ಅಧ್ಯಾಪಕರಿಗೆ ಒಂದು ಸಾಲಿನ ಉತ್ತರ ಬರಬೇಕು. ಉತ್ತರ ಬಾರದಿದ್ದರೆ ಮುಂದಿನ ಸಲ ಅವರು ಎಚ್ಚರಿಸುವುದಿಲ್ಲ.

ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಸಮುದಾಯ ಕಾಲೇಜುಗಳಲ್ಲಿ ಶುರುಮಾಡಿದ ಎಎಸ್‌ಎಪಿ ಎಂಬ ಯೋಜನೆ ಈ ಕ್ಷೇತ್ರದ ಬಲವಾದ ಪುರಾವೆ. ಪೂರ್ಣಾವಧಿ ಓದು ಕಡ್ಡಾಯ, ಕಡಿಮೆ ವಿದ್ಯಾರ್ಥಿಗಳಿರುವ ಸಲಹೆಗಾರರು, ಟ್ಯೂಷನ್, ಉಚಿತ ಪ್ರಯಾಣ ಕಾರ್ಡು, ಪುಸ್ತಕದ ನೆರವು, ಶುಲ್ಕದಲ್ಲಿ ಉಳಿದ ಕೊರತೆಯ ಮನ್ನಾ ಎಲ್ಲವೂ ಒಟ್ಟಿಗೆ. ಚೀಟಿ ಎತ್ತಿದಂತೆ ಆಯ್ದು ಹೋಲಿಸಿದ ಅಧ್ಯಯನದಲ್ಲಿ ಮೂರು ವರ್ಷದೊಳಗೆ ಪದವಿ ಮುಗಿಸಿದವರು ಯೋಜನೆಯ ಗುಂಪಿನಲ್ಲಿ ಸುಮಾರು 40%, ಉಳಿದ ಗುಂಪಿನಲ್ಲಿ ಸುಮಾರು 22%. ಪ್ರತಿ ವಿದ್ಯಾರ್ಥಿಯ ಖರ್ಚು ಹೆಚ್ಚಾದರೂ ಪ್ರತಿ ಪದವೀಧರನ ಲೆಕ್ಕದಲ್ಲಿ ಖರ್ಚು ಕಡಿಮೆಯೇ ಆಯಿತು. ಇದರಲ್ಲಿ ಅಗ್ಗದ ಒಂದು ತುಂಡನ್ನು ಮಾತ್ರ ಕಿತ್ತುಕೊಂಡು ಅದೇ ಫಲ ಬರಲಿ ಎಂದು ಕಾಯುವ ಕಾಲೇಜುಗಳಿಗೆ ನಿರಾಸೆ ಕಾದಿದೆ.

ಹಣದ ವಿಷಯದಲ್ಲಿ ಮೊತ್ತಕ್ಕಿಂತ ಗಳಿಗೆ ಮುಖ್ಯ. ಸಣ್ಣ ಬಾಕಿಗಾಗಿ ಹೆಸರು ತೆಗೆದುಹಾಕುವ ದಿನಕ್ಕೆ ಒಂದು ವಾರ ಮೊದಲು ಆ ಪಟ್ಟಿ ನೋಡಿ, ಕೊನೆಯ ವರ್ಷದಲ್ಲಿದ್ದು ಅಲ್ಪ ಮೊತ್ತಕ್ಕೆ ನಿಂತವರ ಖಾತೆಗೆ ಕಾಲೇಜೇ ನೇರವಾಗಿ ಜಮಾ ಮಾಡಬೇಕು. ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2011ರಿಂದ ಇಂಥ ಕಿರು ಅನುದಾನ ಕೊಡುತ್ತಿದೆ. ಅರ್ಜಿ ಕರೆದರೆ ಅಗತ್ಯ ಹೆಚ್ಚಿದ್ದವರೇ ಹಿಂದೆ ಉಳಿಯುತ್ತಾರೆ.

ಪ್ರಮಾಣ ಏರಿದಾಗ ಎರಡು ಅನುಮಾನ ಪರಿಹರಿಸಿಕೊಳ್ಳಿ. ಅಡ್ಮಿಷನ್ನಿನಲ್ಲೇ ಜಾಣರನ್ನು ಮಾತ್ರ ಆರಿಸಿಕೊಂಡೆವೇ? ಹಾಗಿದ್ದರೆ ಪ್ರವೇಶದ ಅಂಕ ಒಂದೇ ಮಟ್ಟದಲ್ಲಿರುವವರನ್ನು ಹಳೆಯ ಬ್ಯಾಚಿನ ಅಂಥವರೊಂದಿಗೆ ಹೋಲಿಸಿ. ಮೌಲ್ಯಮಾಪನ ಸಡಿಲವಾಯಿತೇ? ಅದೇ ವಿದ್ಯಾರ್ಥಿಗಳು ಮುಂದಿನ ಹಂತದ ವಿಷಯದಲ್ಲಿ ಏನು ಮಾಡಿದರು ಎಂದು ನೋಡಿ.

ಕೊನೆಯದಾಗಿ ಒಂದು ಪಟ್ಟಿ. ಕಳೆದ ಐದು ವರ್ಷಗಳಲ್ಲಿ ಬಿಟ್ಟವರ ಪೈಕಿ ಪದವಿಗೆ ಒಂದೆರಡು ವಿಷಯ ಮಾತ್ರ ಬಾಕಿ ಇರುವವರ ಹೆಸರು ತೆಗೆಯಿರಿ. ಅವರಿಗೆ ಹೋಗುವ ಪತ್ರದಲ್ಲಿ ಯಾವ ವಿಷಯ ಬಾಕಿ, ಪರೀಕ್ಷೆ ಯಾವ ತಿಂಗಳು, ಮರುಪ್ರವೇಶಕ್ಕೆ ಎಷ್ಟು ಶುಲ್ಕ, ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅವರವರ ಹೆಸರಿಗೇ ತಕ್ಕಂತೆ ಇರಬೇಕು. ‘ಕಚೇರಿಯನ್ನು ಸಂಪರ್ಕಿಸಿ’ ಎಂದಷ್ಟೇ ಇದ್ದರೆ ಯಾರೂ ಬರುವುದಿಲ್ಲ.