ಭಾನುವಾರ ಆದಮೇಲೆ ಸೋಮವಾರವೇ ಯಾಕೆ?

ಬೆಳಿಗ್ಗೆ ಅಮ್ಮ ಕ್ಯಾಲೆಂಡರ್ ತಿರುಗಿಸಿ ಹೋರೆ ನೋಡುತ್ತಿದ್ದರು. ಹೋರೆ ಅಂದರೆ ಒಂದು ದಿನದ 24 ಪಾಲಿನಲ್ಲಿ ಒಂದು; ಒಂದೊಂದಕ್ಕೂ ಒಂದು ಗ್ರಹ ಒಡೆಯ. ಶುಕ್ರ ಹೋರೆಯಲ್ಲೇ ಚಿನ್ನದಂಗಡಿಗೆ ಹೊರಡಬೇಕಂತೆ.

ನಾನೂ ಸುಮ್ನೆ ಆ ಪಟ್ಟಿಯ ಮೇಲೆ ಬೆರಳಿಟ್ಟು ಎಣಿಸಿದೆ.

ಭಾನುವಾರ ಸೂರ್ಯ ಹುಟ್ಟುವಾಗಿನ ಹೋರೆ ರವಿಯದು. ಆಮೇಲೆ ಶುಕ್ರ, ಬುಧ, ಚಂದ್ರ, ಶನಿ, ಗುರು, ಕುಜ (ಅಂದರೆ ಮಂಗಳ). ಮತ್ತೆ ರವಿ. ಹೀಗೇ ಸುತ್ತುತ್ತಾ 24 ಹೋರೆ ಮುಗಿಯುತ್ತದೆ. 25ನೆಯದು, ಅಂದರೆ ಮರುದಿನದ ಮೊದಲ ಹೋರೆ, ಚಂದ್ರನ ಪಾಲಿಗೆ ಬರುತ್ತದೆ.

ಮೊದಲ ಹೋರೆ ಯಾರದೋ ದಿನಕ್ಕೆ ಅವರದೇ ಹೆಸರು. ಅದಕ್ಕೇ ಸೋಮವಾರ! ಅಲ್ಲಿಂದ ಮತ್ತೆ 24 ದಾಟಿದರೆ ಕುಜ, ಮಂಗಳವಾರ.

ಎಷ್ಟು ಚೆಂದದ ಲೆಕ್ಕ ಅಲ್ವಾ? ಹಳೆಯ ರೋಮಿನವರ ವಾರವೂ ಇದೇ ಗ್ರಹಗಳದು, ಇದೇ ಸಾಲಿನದು. ನಾವು ಎಳ್ಳೆಣ್ಣೆ ದೀಪ ಹಚ್ಚುವ ದಿನ ಅವರಿಗೂ ಶನಿಯದೇ.

ಇದನ್ನು ಶಾಲೆಯಲ್ಲೇ ಮಕ್ಕಳಿಗೆ ಹೇಳಿಕೊಡಬೇಕು. ನೀವೂ ಬುಧವಾರದಿಂದ ಒಮ್ಮೆ ಎಣಿಸಿ ನೋಡಿ.