ಹಸಿ ಮೀನು ಹೇಗೆ ತಿಂದೆ ಅಂತ ಕೇಳುವವರಿಗೆ

ಮೈಸೂರಿನಲ್ಲಿ ಗೆಳತಿಯರ ಜೊತೆ ಒಂದು ಜಪಾನಿ-ಥಾಯ್ ಹೋಟೆಲಿಗೆ ಹೋಗಿ, ಸುಶಿ ಅನ್ನುವ ಜಪಾನಿ ತಿಂಡಿಯ ತಟ್ಟೆಯ ಫೋಟೋವನ್ನು ಸ್ಟೇಟಸ್‌ಗೆ ಹಾಕಿದ್ದೇ ತಡ, ಎಲ್ಲ ಕಡೆಯಿಂದ ಒಂದೇ ಪ್ರಶ್ನೆ. "ಹಸಿ ಮೀನು ತಿಂದೆಯಂತೆ, ಹೇಗೆ ತಿಂದೆ?" ಆಫೀಸಿನಲ್ಲಿ ಇದೇ, ಮಂಡ್ಯದ ಮನೆಯಲ್ಲಿ ಇದೇ, ರೈಲಿನಲ್ಲಿ ದಿನಾ ಜೊತೆಗೆ ಬರುವವರದ್ದೂ ಇದೇ. ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಇಲ್ಲಿ ಬರೆದುಬಿಡುತ್ತೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುವುದು.

ಹೌದು, ತಿಂದೆ. ಚೆನ್ನಾಗಿತ್ತು. ವಾಸನೆ ಇರಲಿಲ್ಲ, ಹೊಟ್ಟೆಯೂ ಕೆಡಲಿಲ್ಲ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಕೇಳುವ ರೀತಿಗೆ. ಕೇಳುವ ಮೊದಲೇ ಮುಖ ಸಿಂಡರಿಸಿರುತ್ತಾರೆ. ಇತ್ತೀಚೆಗೆ ನೆಂಟರ ಮನೆಯ ಬೀಗರ ಊಟದಲ್ಲಿ ಪಂಕ್ತಿಗೆ ಕೂತಿದ್ದೆವು. ಎಲೆಗೆ ಮುದ್ದೆ, ಬೋಟಿ ಗೊಜ್ಜು, ತಲೆ ಮಾಂಸ ಎಲ್ಲಾ ಬಂದಿತ್ತು. ಎದುರು ಸಾಲಿನಲ್ಲಿದ್ದ ದೊಡ್ಡಮ್ಮ ಇಡೀ ಪೆಂಡಾಲಿಗೆ ಕೇಳುವ ಹಾಗೆ, "ಅಲ್ಲ ಕಣವ್ವ, ಹಸಿ ಮೀನ ಅದೆಂಗೆ ನುಂಗ್ದೆ? ಆ ಓಟ್ಲಲ್ಲಿ ಒಲೆ ಇರ್ನಿಲ್ವಾ?" ಅಂದರು. ಎರಡೂ ಸಾಲಿನವರು ನಕ್ಕರು. ಬಡಿಸುವ ಹುಡುಗ ಸಾರಿನ ಬಕೆಟ್ ಹಿಡಿದುಕೊಂಡೇ ನಿಂತು ನಕ್ಕ. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಒಳಗೆ ಚುಚ್ಚಿತು ಕೂಡ. ನನಗೆ ಬೋಟಿ ಅಂದರೆ ಪ್ರಾಣ. ಕರುಳನ್ನು ತಿರುವಿ ತಿರುವಿ ತೊಳೆಯುವುದನ್ನು, ಕೆಂಡದಲ್ಲಿ ತಲೆ ಸುಡುವುದನ್ನು ಚಿಕ್ಕಂದಿನಿಂದ ನೋಡಿ ಬೆಳೆದವಳು ನಾನು. ಹೊರಗಿನವರು ಯಾರಾದರೂ ಅದನ್ನು ನೋಡಿ ಮೂಗು ಮುಚ್ಚಿಕೊಂಡರೆ ನಮಗೆ ಎಷ್ಟು ಬೇಜಾರಾಗುತ್ತದೆ, ಅಲ್ವಾ? ಹಾಗಿದ್ದ ಮೇಲೆ ಇನ್ನೊಬ್ಬರ ಊಟಕ್ಕೆ ನಾವು ಛೀ ಅನ್ನುವುದು ಯಾವ ನ್ಯಾಯ?

ನಿಜವಾಗಿ ಭಯದಿಂದ ಕೇಳುವವರೂ ಇದ್ದಾರೆ. ಅವರಿಗೆ ಸರಿಯಾದ ಉತ್ತರ ಕೊಡಲೇಬೇಕು. ಸಮುದ್ರದ ಹಸಿ ಮೀನಿನಲ್ಲಿ ಹುಳ ಇರಬಹುದು. ಅದಕ್ಕೇ ಹಸಿಯಾಗಿ ಬಡಿಸುವ ಮೀನನ್ನು ಸಾಮಾನ್ಯವಾಗಿ ಮೊದಲು ಗಟ್ಟಿಯಾಗಿ ಹೆಪ್ಪುಗಟ್ಟಿಸುತ್ತಾರೆ. ಮೈನಸ್ 20 ಡಿಗ್ರಿಯಲ್ಲಾದರೆ 7 ದಿನ, ಮೈನಸ್ 35ರಲ್ಲಾದರೆ 15 ಗಂಟೆ ಇಡಬೇಕು ಅನ್ನುವುದು ಅಮೆರಿಕದ ಆಹಾರ ಇಲಾಖೆಯ ಲೆಕ್ಕ. ಇದರಿಂದ ಹುಳ ಸಾಯುತ್ತದೆ, ಆದರೆ ಬ್ಯಾಕ್ಟೀರಿಯಾ ಎಲ್ಲಾ ಸಾಯುವುದಿಲ್ಲ. ಹಾಗಾಗಿ ಮೀನು ಬಂದ ದಾರಿಯುದ್ದಕ್ಕೂ ತಣ್ಣಗಿರಬೇಕು. ಮೈಸೂರಿಗೆ ಸಮುದ್ರ ದೂರ. ಮೀನು ಎಲ್ಲಿಂದ ತರಿಸುತ್ತೀರಿ, ಹೇಗೆ ಇಟ್ಟಿರುತ್ತೀರಿ ಅಂತ ಹೋಟೆಲಿನವರನ್ನು ಕೇಳಿ. ನಾನು ಕೇಳಿಯೇ ಆರ್ಡರ್ ಮಾಡಿದ್ದು.

ನಾನು ತಿಂದ ಸುಶಿಯಲ್ಲಿದ್ದದ್ದು ಸಾಲ್ಮನ್ ಅನ್ನುವ ಮೀನು. ಜಪಾನಿನವರು ಅವರ ಕಡೆಯ ಸಾಲ್ಮನ್ ಮೀನನ್ನು ಹುಳದ ಭಯಕ್ಕೆ ಸಾಮಾನ್ಯವಾಗಿ ಬೇಯಿಸಿಯೋ ಸುಟ್ಟೋ ತಿನ್ನುತ್ತಿದ್ದರು. 1980ರ ದಶಕದಲ್ಲಿ ನಾರ್ವೆ ದೇಶದವರು ತಾವು ಸಾಕಿದ ಸಾಲ್ಮನ್ ಮೀನನ್ನು ಅಲ್ಲಿಗೆ ತೆಗೆದುಕೊಂಡು ಹೋಗಿ, ಇದನ್ನು ಹಸಿಯಾಗಿ ತಿನ್ನಬಹುದು ಅಂತ ಒಪ್ಪಿಸಲು ವರ್ಷಗಟ್ಟಲೆ ಒದ್ದಾಡಿದರು. ಅಂದರೆ ಜಪಾನಿನವರೂ "ಹಸಿಯಾಗಿ ಹೇಗೆ ತಿನ್ನೋದು" ಅಂತ ಕೇಳಿದವರೇ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ನನ್ನ ಫೋಟೋ ನೋಡಿ ಯಾರೂ ಕೆಆರ್‌ಎಸ್ ಹಿನ್ನೀರಿನ ಮೀನನ್ನೋ ಕೆರೆ ಮೀನನ್ನೋ ಹಸಿಯಾಗಿ ತಿನ್ನಲು ಹೋಗಬೇಡಿ. ಥಾಯ್ಲೆಂಡಿನ ಈಶಾನ್ಯ ಭಾಗವಾದ ಇಸಾನ್‌ನಲ್ಲಿ ಸಿಹಿನೀರಿನ ಹಸಿ ಮೀನನ್ನು ಕೊಚ್ಚಿ, ನಿಂಬೆಹುಳಿ ಹಿಂಡಿ ಮಾಡುವ ಕೊಯ್ ಪ್ಲಾ ಅನ್ನುವ ತಿಂಡಿ ಇದೆ. ಆ ಮೀನಿನಲ್ಲಿರುವ ಹುಳ ಲಿವರ್ ಸೇರುತ್ತದೆ. ವರ್ಷಾನುಗಟ್ಟಲೆ ಅಲ್ಲೇ ಇದ್ದು ಪಿತ್ತನಾಳದ ಕ್ಯಾನ್ಸರ್ ತರಬಹುದು. ನಿಂಬೆಹುಳಿಗೆ ಅದು ಸಾಯುವುದಿಲ್ಲ. ಬೇಯಿಸಿ ತಿನ್ನಿ ಅಂತ ಅಲ್ಲಿನ ಡಾಕ್ಟರುಗಳು ಊರೂರು ಸುತ್ತಿ ಹೇಳುತ್ತಿದ್ದಾರೆ.

ನಮ್ಮ ಜೊತೆ ಬಂದಿದ್ದ ಒಬ್ಬಳು ಮೀನು ಮೊಟ್ಟೆ ಏನೂ ಮುಟ್ಟುವವಳಲ್ಲ. ಅವಳ ಕಷ್ಟವೇ ಬೇರೆ. ಜಪಾನಿನ ಮಿಸೋ ಸೂಪಿನಲ್ಲಿ ಮೀನಿನ ತುಂಡು ಕಾಣಿಸುವುದಿಲ್ಲ, ಆದರೆ ಅದರ ಸಾರು ಮಾಡುವುದು ಸಾಮಾನ್ಯವಾಗಿ ಒಣಗಿಸಿದ ಮೀನಿನ ತುರಿಯಿಂದ. ಥಾಯ್ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ಮೀನಿನ ಸಾಸ್ ಹಾಕುತ್ತಾರೆ. ಗ್ರೀನ್ ಕರಿಯ ಮಸಾಲೆಗೆ ಸೀಗಡಿ ಅರೆದು ಹಾಕಿರುತ್ತಾರೆ. ಮೆನುವಿನಲ್ಲಿ ತರಕಾರಿ ಅಂತ ಬರೆದಿದ್ದರೂ ಕೇಳಿ ತಿಳಿಯಬೇಕು. ಬಡಿಸುವ ಹುಡುಗ ಬೇಸರ ಮಾಡಿಕೊಳ್ಳದೆ ಅಡುಗೆಮನೆಗೆ ಹೋಗಿ ವಿಚಾರಿಸಿಕೊಂಡು ಬಂದ, ಅವಳಿಗೆ ಬೇರೆ ಮಸಾಲೆಯಲ್ಲಿ ಮಾಡಿಸಿಕೊಟ್ಟ. ಅವಳು ಸೌತೆಕಾಯಿಯ ರೋಲ್ ತಿಂದಳು, ಅದೂ ಸುಶಿಯೇ. ಅದರಲ್ಲಿ ಮೀನಿನ ಚೂರೂ ಇರಲಿಲ್ಲ.

ನಾನು ಹೇಳಬೇಕು ಅಂತ ಕಾಯುತ್ತಿರುವುದೇ ಇದನ್ನು. ಸುಶಿಯಲ್ಲಿ ಮೀನು ಇರಬಹುದು, ಇಲ್ಲದೆಯೂ ಇರಬಹುದು. ಅನ್ನ ಇಲ್ಲದೆ ಸುಶಿಯೇ ಇಲ್ಲ. ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು ಕಲಸಿ, ಬೀಸಣಿಗೆಯಲ್ಲಿ ಗಾಳಿ ಹಾಕಿ ಆರಿಸುತ್ತಾರೆ. ಸುಶಿ ಕಲಿಯುವ ಹುಡುಗರಿಗೆ ಮೀನು ಕೊಯ್ಯುವಷ್ಟೇ ಕಷ್ಟದ ಪಾಠ ಈ ಅನ್ನ. ಇಷ್ಟು ಜನ ನನ್ನನ್ನು ಕೇಳಿದರು, ಒಬ್ಬರಾದರೂ "ಆ ಅನ್ನ ಹೇಗಿತ್ತು" ಅಂತ ಕೇಳಲಿಲ್ಲ. ಮಂಡ್ಯದವರು, ಭತ್ತ ಬೆಳೆಯುವವರು, ನಾಲೆಗೆ ನೀರು ಬಿಡುವುದು ಒಂದು ವಾರ ತಡವಾದರೆ ನಿದ್ದೆ ಬಿಡುವವರು ಕೂಡ ಮೀನಿನ ಬಗ್ಗೆಯೇ ಕೇಳುತ್ತಾರೆ!

ಕೇಳಲಿಲ್ಲವಾದರೂ ಹೇಳುತ್ತೇನೆ. ನಮಗೆ ಅನ್ನ ಅಂದರೆ ಉದುರು ಉದುರಾಗಿರಬೇಕು. ಅಂಟಿದರೆ ಅನ್ನ ಮುದ್ದೆಯಾಯಿತು ಅಂತ ಬೈಗುಳ. ಸುಶಿಯ ಅನ್ನ ಅಂಟಬೇಕು, ಆದರೆ ಕಾಳು ಕಾಳಾಗಿಯೂ ಕಾಣಬೇಕು. ಇದೆಲ್ಲಾ ಅಕ್ಕಿಯ ಪಿಷ್ಟದ ಆಟ. ಅಮೈಲೋಸ್ ಅನ್ನುವ ಪಿಷ್ಟ ಜಾಸ್ತಿ ಇದ್ದರೆ ಅನ್ನ ಉದುರಾಗುತ್ತದೆ, ಕಡಿಮೆ ಇದ್ದರೆ ಅಂಟುತ್ತದೆ. ಜಪಾನಿನ ಗುಂಡು ಅಕ್ಕಿಯಲ್ಲಿ ಅದು ಕಡಿಮೆ. ಇಸಾನ್‌ನ ಅಂಟಕ್ಕಿಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದನ್ನು ರಾತ್ರಿ ನೆನೆಸಿ, ಬಿದಿರಿನ ಬುಟ್ಟಿಯಲ್ಲಿ ಹಬೆಯಲ್ಲಿ ಬೇಯಿಸುತ್ತಾರೆ. ನಾವು ಮುದ್ದೆ ಮುರಿಯುವ ಹಾಗೆ ಕೈಯಲ್ಲೇ ಮುರಿದು, ಉಂಡೆ ಮಾಡಿ, ಅದ್ದಿಕೊಂಡು ತಿನ್ನುತ್ತಾರೆ. ಆ ದಿನ ಹೋಟೆಲಿನಲ್ಲಿ ಈ ಅಂಟನ್ನಕ್ಕೆ ಚಮಚ ಬಿಟ್ಟು ಕೈ ಹಾಕಿದ್ದಕ್ಕೆ ಪಕ್ಕದ ಟೇಬಲ್ಲಿನವರು ನನ್ನನ್ನು ದುರುಗುಟ್ಟಿ ನೋಡಿದರು. ನೋಡಲಿ, ಅದನ್ನು ತಿನ್ನುವ ರೀತಿಯೇ ಅದು.

ಹೊಸ ಅಕ್ಕಿಯ ವಿಷಯ ಇನ್ನೂ ಸೊಗಸು. ನಮ್ಮ ಮನೆಯಲ್ಲಿ ಹೊಸ ಅಕ್ಕಿ ಅಂದರೆ ಸಂಕ್ರಾಂತಿಯ ಪೊಂಗಲಿಗೆ ಸರಿ, ದಿನದ ಊಟಕ್ಕೆ ಬೇಡ. ಅಂಟುತ್ತದೆ, ಹೊಟ್ಟೆಗೆ ಭಾರ ಅನ್ನುತ್ತಾರೆ ಅಮ್ಮ. ಅಂಗಡಿಯಲ್ಲೂ ಹಳೇ ಅಕ್ಕಿಗೇ ಬೆಲೆ ಜಾಸ್ತಿ. ಜಪಾನಿನಲ್ಲಿ ಉಲ್ಟಾ. ಕೊಯ್ಲಾದ ಮೇಲೆ ಬರುವ ಹೊಸ ಅಕ್ಕಿಗೆ ಜನ ಕಾದು ಕೂತಿರುತ್ತಾರೆ. ಆದರೆ ಸುಶಿ ಮಾಡುವವರಲ್ಲಿ ಕೆಲವರು ನಮ್ಮ ಅಮ್ಮನ ಪಕ್ಷ. ನೀರಿನಂಶ ಕಡಿಮೆ ಇರುವ ಹಳೇ ಅಕ್ಕಿ ವಿನೆಗರ್ ಚೆನ್ನಾಗಿ ಹೀರುತ್ತದೆ ಅಂತ ಅದನ್ನೂ ಬೆರೆಸುತ್ತಾರೆ.

ಹೊಟ್ಟೆಕಿಚ್ಚಾಗುವುದು ಒಂದೇ ವಿಷಯಕ್ಕೆ. ಜಪಾನಿನಲ್ಲಿ ಅಕ್ಕಿ ಚೀಲದ ಮೇಲೆ ಯಾವ ತಳಿ, ಯಾವ ಪ್ರಾಂತ್ಯದ್ದು, ಯಾವ ವರ್ಷದ ಬೆಳೆ ಅಂತ ಅಚ್ಚಾಗಿರುತ್ತದೆ. ನಮ್ಮ ಚೀಲಗಳ ಮೇಲೆ ದೇವರ ಚಿತ್ರ ಇರುತ್ತದೆ, ಗಿರಣಿಯ ಹೆಸರು ಇರುತ್ತದೆ. ಅಪ್ಪ ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಬೆಳೆದ ಭತ್ತ ಗಿರಣಿ ಬಾಗಿಲು ದಾಟಿದರೆ ಮುಗಿಯಿತು, ಅದು ಯಾರ ಗದ್ದೆಯದ್ದು ಅಂತ ತಿನ್ನುವವರಿಗೆ ಗೊತ್ತಾಗುವುದೇ ಇಲ್ಲ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿಗಳನ್ನು ತಮ್ಮ ಹೊಲದಲ್ಲೇ ಬೆಳೆದು ಉಳಿಸಿಕೊಂಡು ಬಂದಿದ್ದಾರೆ. ಒಂದೊಂದಕ್ಕೂ ಬೇರೆ ರುಚಿ, ಬೇರೆ ಬಣ್ಣ. ಮೈಸೂರಿನಲ್ಲಿ ನಾನು ಊಟ ಮಾಡುವ ಹೋಟೆಲುಗಳಲ್ಲಿ ಅನ್ನ ಯಾವುದು ಅಂತ ಕೇಳಿದರೆ "ವೈಟ್ ರೈಸ್ ಮೇಡಂ" ಅನ್ನುತ್ತಾರೆ.

ನಮ್ಮ ದೇಸಿ ತಳಿಯಾದ ರಾಜಮುಡಿ ಅಕ್ಕಿಯ ಅನ್ನವನ್ನು ತಳಿಯ ಹೆಸರು, ಬೆಳೆದ ಊರಿನ ಹೆಸರು ಹೇಳಿ ಬಡಿಸುವ ಹೋಟೆಲ್ ನಿಮಗೆ ಗೊತ್ತಿದ್ದರೆ ತಿಳಿಸಿ. ಈ ಭಾನುವಾರವೇ ಗೆಳತಿಯರನ್ನೆಲ್ಲ ಹೊರಡಿಸುತ್ತೇನೆ, ಬಿಲ್ ನನ್ನದೇ.